ಆರೋಗ್ಯವಂತ ಎಮ್ಮೆಯ ನೊರೆಹಾಲು

೨೦೧೩ರ ಮಳೆಗಾಲ. ರಬಾಳೆಯ ಒಂದು ಪ್ರಯೋಗಾಲಯದಲ್ಲಿ ನಾನು ಮೈಕ್ರೋಬಯಾಲಜಿಸ್ಟ್ ಆಗಿದ್ದೆ. ಕಲ್ಯಾಣದ ಮಕ್ಕಳ ವೈದ್ಯರೊಬ್ಬರು ಫೋನ್ ಮಾಡಿದರು. ಆರು ವರ್ಷದ ಸುನಂದಾಗೆ ರಕ್ತಭೇದಿಯಾಗಿ, ಮೂತ್ರಪಿಂಡಗಳು ಕೈಕೊಡುತ್ತಿದ್ದವು. ಮಲದಲ್ಲಿ ಶಿಗಾ ಟಾಕ್ಸಿನ್ ಎಂಬ ವಿಷ ಹುಟ್ಟಿಸುವ ಇ. ಕೋಲೈ ಬ್ಯಾಕ್ಟೀರಿಯಾ ಸಿಕ್ಕಿತ್ತು. ಮನೆಯಲ್ಲಿ ಎಮ್ಮೆಗಳಿವೆ, ನೋಡಿ ಬನ್ನಿ ಎಂದರು.

ಹುಡುಗಿಯ ಅಜ್ಜ ಮಲ್ಲಪ್ಪ ವಿಜಯಪುರದವರು, ಕಲ್ಯಾಣದ ಪಕ್ಕದ ಟಿಟ್ವಾಳಾದಲ್ಲಿ ನಾಲ್ಕು ಎಮ್ಮೆ ಕಟ್ಟಿದ್ದರು. ಕರೆದ ಕೂಡಲೇ, ಕಾಯಿಸದೆ, ನೊರೆಹಾಲನ್ನು ಮಕ್ಕಳಿಗೆ ಕುಡಿಸುವುದು ಅವರ ಮನೆಯ ರೂಢಿ.

"ಆ ಬಡಕಲದ್ದ ಕಿತಾಪತಿ, ಮೇಡಂ," ಎಂದು ಮೂಲೆಯಲ್ಲಿ ಕೆಮ್ಮುತ್ತಿದ್ದ ಎಮ್ಮೆಯನ್ನು ತೋರಿಸಿ, ಪಕ್ಕದ ಎಮ್ಮೆಯ ಬೆನ್ನು ತಟ್ಟಿದರು. "ಈ ಲಕ್ಷ್ಮೀನ ನೋಡ್ರಿ, ಮೈ ಹೆಂಗ ಮಿಂಚತೈತಿ!"

ಅವರ ಹೆಂಡತಿ ಗಂಗವ್ವ ನನ್ನನ್ನೇ ದಿಟ್ಟಿಸಿದರು. "ಕೂಸು ದವಾಖಾನ್ಯಾಗ ಮಲಗೈತಿ, ನೀ ಇಲ್ಲಿ ಸೆಗಣಿ ಆರಸಾಕ ಬಂದಿಯೇನವ್ವಾ?"

ನಾಲ್ಕೂ ಎಮ್ಮೆಗಳ ಸೆಗಣಿಯ ಮಾದರಿ ತೆಗೆದು ಐಸ್ ಡಬ್ಬಿಯಲ್ಲಿಟ್ಟುಕೊಂಡೆ. ಹಾಲು ಕಾಯಿಸಿಯೇ ಕೊಡಿ ಎಂದೆ. ಮಲ್ಲಪ್ಪ ತಲೆಯಾಡಿಸಿದರು.

ಪ್ರಯೋಗಾಲಯದಲ್ಲಿ ಮಾದರಿಗಳನ್ನು ಪೋಷಕ ದ್ರವದಲ್ಲಿ ಬೆಳೆಸಿ, ಆ ವಿಷದ ಜೀನ್ ಇದೆಯೇ ಎಂದು ಪಿಸಿಆರ್ ಪರೀಕ್ಷೆಯಿಂದ ಹುಡುಕಿದೆ. ಕೆಮ್ಮುವ ಎಮ್ಮೆಯಲ್ಲಿ ಇರಲಿಲ್ಲ. ಲಕ್ಷ್ಮಿಯಲ್ಲಿತ್ತು. ನಂಬಲಾಗದೆ ಇನ್ನೊಮ್ಮೆ ಮಾಡಿದೆ, ಮತ್ತೆ ಲಕ್ಷ್ಮಿಯೇ. ಈ ಬ್ಯಾಕ್ಟೀರಿಯಾ ದನ, ಎಮ್ಮೆಗಳ ಕರುಳಿನಲ್ಲಿ ಅವಕ್ಕೇನೂ ಮಾಡದೆ ಇರಬಲ್ಲದು, ಸೆಗಣಿ ತಾಗಿದ ಕೆಚ್ಚಲಿನಿಂದ ಹಾಲಿಗೆ ಇಳಿಯಬಲ್ಲದು ಎಂದು ಓದಿದ್ದೆ.

ಮಲ್ಲಪ್ಪನವರಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರೆಂದರು, "ಕಾಳಜಿ ಬ್ಯಾಡ್ರಿ ಮೇಡಂ, ಬಡಕಲ ಎಮ್ಮಿ ಮಾರಿಬಿಟ್ಟೆ. ಸಣ್ಣ ಮೊಮ್ಮಗಳಿಗೆ ಈಗ ಬರೇ ಲಕ್ಷ್ಮೀದ ನೊರೆಹಾಲು. ಅಕ್ಕನಂಗ ಆಗಬಾರದಲ್ರೀ, ಒಂದ ಲೋಟ ಹೆಚ್ಚಿಗೀನ ಕೊಡಾಕತ್ತೀವಿ."

"ಕಾಯಿಸಿ ಅಂದಿದ್ದೆನಲ್ಲ?"

"ಅದು ಜಡ್ಡಿನ ಎಮ್ಮೀಗಲ್ರೀ? ಚಲೋ ಹಾಲು ಕಾಯಿಸಿದ್ರ ಕಸುವು ಹೋಗ್ತೈತಿ."

"ಕೊಡಬೇಡಿ. ರೋಗಾಣು ಇರೋದು ಲಕ್ಷ್ಮಿಯಲ್ಲೇ."

ಫೋನ್ ಹಿಡಿದೇ ಅವರು ಕೂಗಿದ್ದು ಕೇಳಿಸಿತು, "ಗಂಗೀ, ಲೋಟಾ ಕಸ್ಗೋ! ಕೂಸಿನ ಕೈಯಾಗಿಂದು ಕಸ್ಗೋ ಅಂದ್ನೆಲ್ಲಾ!"

ತಂಗಿಗೆ ಏನೂ ಆಗಲಿಲ್ಲ. ಸುನಂದಾ ಬದುಕಿದಳು, ಆದರೆ ಡಯಾಲಿಸಿಸ್ ಅವಳನ್ನು ಬಹುಕಾಲ ಬಿಡಲಿಲ್ಲ. ಈಗ ಯಾವ ಕೊಟ್ಟಿಗೆಗೆ ಹೋದರೂ, ಪ್ರತಿ ಎಮ್ಮೆಯನ್ನೂ ಹೆಸರು ಹಿಡಿದು ತೋರಿಸಿ, ಇದರದ್ದೂ ಕಾಯಿಸಿ, ಇದರದ್ದೂ ಕಾಯಿಸಿ ಎನ್ನುತ್ತೇನೆ. ಕಾಯಿಲೆಯ ಪ್ರಾಣಿಯಿಂದ ಮಕ್ಕಳನ್ನು ಎಲ್ಲರೂ ದೂರವಿಡುತ್ತಾರೆ. ಆರೋಗ್ಯವಾಗಿರುವುದರ ಬಳಿಗೆ ಕೈಹಿಡಿದು ಕರೆದೊಯ್ಯುವವರು ನಾವೇ.