ಮನುಷ್ಯರಿಲ್ಲದ ಸ್ಟೇಷನ್ನು

ಮಾಸ್ತರರ ಉಗುರುಗಳನ್ನು ನೋಡಿದರೆ ನನಗೆ ಊಟ ಸೇರುತ್ತಿರಲಿಲ್ಲ. ಹತ್ತೂ ಬೆರಳುಗಳ ಉಗುರುಸಂದಿಯಲ್ಲಿ ಮಸಿ, ಔಡಲೆಣ್ಣೆ, ತುಕ್ಕು ಎಲ್ಲ ಸೇರಿ ಕರ್ರಗೆ ಗಟ್ಟಿಯಾಗಿ ಕೂತಿರುತ್ತಿತ್ತು. ಬಲಗೈ ಹೆಬ್ಬೆರಳಿನ ಉಗುರು ತಗಡು ಕತ್ತರಿಸುವಾಗ ಯಾವಾಗಲೋ ಸೀಳಿಹೋದದ್ದು ಮತ್ತೆ ಕೂಡಿಕೊಂಡಿರಲೇ ಇಲ್ಲ. ಆ ಕೈಯನ್ನೇ ಡಬ್ಬಿಗೆ ಹಾಕಿ ಅವಲಕ್ಕಿ ಚೂಡಾ ತೆಗೆದು, "ತಿನ್ನು ತಮ್ಮಾ, ನಾಚಕೋಬ್ಯಾಡ" ಎಂದು ನನ್ನ ಅಂಗೈಗೆ ಸುರಿಯುತ್ತಿದ್ದರು. ನಾನು ನಾಚಿಕೊಳ್ಳುತ್ತಿರಲಿಲ್ಲ, ಹೇಸುತ್ತಿದ್ದೆ. ಅವರು ಆಚೆ ತಿರುಗಿದ ಕೂಡಲೇ ಅದು ಕೋಳಿಗಳ ಪಾಲಾಗುತ್ತಿತ್ತು.

ಹೇಸಿಗೆ ನನ್ನ ಹುಟ್ಟುಗುಣ. "ಇಂವ ನೀರನ್ನೂ ತೊಳದು ಕುಡಿಯಾಂವ" ಎಂದು ನಮ್ಮವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಇಂಥವನಿಗೆ ಇಂಥ ಮನುಷ್ಯನೇ ಯಾಕೆ ಗಂಟುಬಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅವರು ಹುಮನಾಬಾದಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರು. ನಾನು ಅರವತ್ತರ ದಶಕದ ನಡುವೆ ಬಸವಕಲ್ಯಾಣದ ಬಜಾರಿನಲ್ಲಿ ಫೋಟೊ ಸ್ಟುಡಿಯೊ ತೆರೆದವನು. ಒಂದು ದಿನ ಬಂದು ನನ್ನ ಗಾಜಿನ ಶೋಕೇಸಿನ ಮುಂದೆ ಬಹಳ ಹೊತ್ತು ನಿಂತರು. ಅದರಲ್ಲಿದ್ದದ್ದು ಹೊಸ ಮದುಮಕ್ಕಳು, ಕುಂಚಿಗೆ ಕಟ್ಟಿಸಿಕೊಂಡು ಅಳುವ ಕೂಸುಗಳು, ಕೈಗಡಿಯಾರ ಕಾಣುವಂತೆ ತೋಳು ಮಡಚಿ ನಿಂತ ಹುಡುಗರು.

"ಬರೇ ಮಂದಿ ಮಾರಿ ಇಟ್ಟೀಯಲ್ಲೊ ತಮ್ಮಾ," ಎಂದರು. "ರೈಲಿಂದು ತಗೀತೀಯೇನು?"

"ಎಲ್ಲದರೀ ರೈಲು?"

"ನಮ್ಮ ಹಿತ್ತಲದಾಗ."

ತಲೆ ಸರಿಯಿಲ್ಲದ ಗಿರಾಕಿ ಅಂದುಕೊಂಡೆ. ಆಗ ಬಸವಕಲ್ಯಾಣಕ್ಕೂ ರೈಲಿರಲಿಲ್ಲ, ಹುಮನಾಬಾದಿಗೂ ಇರಲಿಲ್ಲ. ನಾವು ಮೈಸೂರು ರಾಜ್ಯಕ್ಕೆ ಸೇರಿದಾಗಿನಿಂದ ಪ್ರತಿ ಚುನಾವಣೆಗೂ ರೈಲು ಬರುತ್ತದೆ ಎಂದು ಹೇಳುತ್ತಿದ್ದರು. ಬರುತ್ತಿದ್ದದ್ದು ಮುಂದಿನ ಚುನಾವಣೆ ಮಾತ್ರ.

ಆದರೆ ಹಿತ್ತಲಲ್ಲಿ ರೈಲಿತ್ತು. ನಿಂಬೆಗಿಡದ ಬುಡದಿಂದ ಬಾವಿಕಟ್ಟೆಯವರೆಗೆ ಹಳಿ, ಅಲ್ಲಿಂದ ತಿರುಗಿ ಬಚ್ಚಲ ಮೋರಿ ದಾಟಿ ಮತ್ತೆ ನಿಂಬೆಗಿಡಕ್ಕೆ. ಪೀಪಾಯಿಗೆ ಸುತ್ತುವ ಕಬ್ಬಿಣದ ಪಟ್ಟಿಗಳೇ ಹಳಿಗಳು. ಅವುಗಳ ಕೆಳಗೆ ಜಾಲಿಕಟ್ಟಿಗೆಯ ಸಣ್ಣ ಸಣ್ಣ ದಿಮ್ಮಿ. ಸೀಮೆಎಣ್ಣೆ ಡಬ್ಬಿಯ ತಗಡಿನಿಂದ ಮಾಡಿದ ಎಂಜಿನ್ನು ನನ್ನ ಮೊಣಕಾಲಿನ ಅರ್ಧಕ್ಕೂ ಬರುತ್ತಿರಲಿಲ್ಲ. ಹೊಟ್ಟೆಯೊಳಗೆ ಹಳೆಯ ಗ್ರಾಮಫೋನಿನ ಸ್ಪ್ರಿಂಗು. ಕೀಲಿ ಕೊಟ್ಟರೆ ಹಿಂದಿನ ಡಬ್ಬಿಗಳನ್ನು ಎಳೆದುಕೊಂಡು ಬಾವಿಯವರೆಗೆ ಹೋಗಿ ಸುಸ್ತಾಗಿ ನಿಲ್ಲುತ್ತಿತ್ತು. ನಿಂತಲ್ಲಿ ಒಂದು ಪುಟ್ಟ ಪ್ಲಾಟ್‌ಫಾರ್ಮು, ಹಳದಿ ಬಳಿದ ಹಲಗೆ, ಅದರ ಮೇಲೆ ಕಪ್ಪಕ್ಷರದಲ್ಲಿ 'ಹುಮನಾಬಾದ'. ಸುತ್ತಲಿನ ತುಳಸಿ ಗಿಡಗಳು ಬೇವಿನಮರದಂತೆ ಕಾಣಲೆಂದು ಅವುಗಳ ಬುಡವನ್ನು ಕತ್ತರಿಯಿಂದ ಸವರಿದ್ದರು.

ಅದು ದೊಡ್ಡ ಗಾಡಿಯ ನಕಲಲ್ಲ. ಲಾತೂರಿನ ಕಡೆಯಿಂದ ಪಂಢರಪುರಕ್ಕೆ ಹೋಗುತ್ತಿದ್ದ, ಕಿರಿದಾದ ಹಳಿಯ ಸಣ್ಣ ಗಾಡಿ. ಮಾಸ್ತರರು ಚಿಕ್ಕವರಿದ್ದಾಗ ಅವರವ್ವ ಅದರಲ್ಲಿ ಕರೆದುಕೊಂಡು ಹೋಗಿದ್ದಳಂತೆ. "ದೊಡ್ಡ ಗಾಡಿ ಸಾಹೇಬ್ರದು, ಸಣ್ಣ ಗಾಡಿ ನಮ್ಮದು," ಎನ್ನುತ್ತಿದ್ದರು. "ಹೊಲದಾಗಿನ ಮಂದಿ ಕೈ ಮಾಡಿದ್ರ ಡ್ರೈವರ ಅವರ ಹೆಸರು ಹಿಡದು ಮಾತಾಡಸ್ತಿದ್ದ. ನಮ್ಮೂರಿಗಿ ಅಂಥಾದ್ದೊಂದು ಬಂದ್ರ ಸಾಕು."

ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು ಫೋಟೊ. ನೋಡಿದವರು ಅದನ್ನು ಖರೇ ರೈಲು ಅನ್ನಬೇಕು. ಇದಕ್ಕಾಗಿ ಎಷ್ಟು ಭಾನುವಾರ ನಾನು ಬಸ್ಸು ಹತ್ತಿ ಹುಮನಾಬಾದಿಗೆ ಹೋಗಿದ್ದೇನೋ! ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ ಕೋಳಿಹಿಕ್ಕೆಯಲ್ಲಿ ಬೋರಲು ಮಲಗುತ್ತಿದ್ದೆ. ಬಚ್ಚಲ ನೀರು ಮೊಣಕೈಗೆ ತಾಗುತ್ತಿತ್ತು, ಆ ನಾತಕ್ಕೆ ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದೆ. ಮಾಸ್ತರರು ಅದ್ಯಾವುದರ ಪರಿವೆಯೂ ಇಲ್ಲದೆ, ನಡುಬೆರಳಿನಷ್ಟು ಉದ್ದದ ರಟ್ಟಿನ ಮನುಷ್ಯನೊಬ್ಬನನ್ನು ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿ, "ಇಂವನ ಕಣ್ಣಿಗಿ ಬರಾಬರ್ ಕ್ಯಾಮೆರಾದ ಕಣ್ಣು ಇಡು. ಇಂವ ಏನು ನೋಡ್ತಾನೋ ಅಷ್ಟೇ ನೀ ನೋಡಬೇಕು" ಎನ್ನುತ್ತಿದ್ದರು. ನಾನು ಇಟ್ಟಮೇಲೆ ರಟ್ಟಿನ ಮನುಷ್ಯನನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಎಂಜಿನ್ನಿನ ಚಿಮಣಿಯಲ್ಲಿ ಲೋಬಾನ ಹಚ್ಚಿ ಹೊಗೆ ಎಬ್ಬಿಸುತ್ತಿದ್ದರು. ಎಲ್ಲ ಸರಿಯಾಯಿತು ಅನ್ನುವಷ್ಟರಲ್ಲಿ ಕೋಳಿಯೊಂದು ಪ್ಲಾಟ್‌ಫಾರ್ಮಿಗೆ ನಡೆದುಬರುತ್ತಿತ್ತು. ಪ್ರಿಂಟು ತೊಳೆದರೆ ಕೋಳಿ ಎಂಜಿನ್ನಿಗಿಂತ ಎತ್ತರ.

"ಮಾಸ್ತರ, ನೀವೂ ಬಾಜೂಕ ಕೂಡ್ರಿ, ಒಂದು ತಗೀತೀನಿ" ಎಂದು ಎಷ್ಟೋ ಸಲ ಕೇಳಿದೆ. ಅವರು ಒಪ್ಪಲಿಲ್ಲ.

"ಮನಷ್ಯಾರು ಬಂದ್ರ ಗಾಡಿ ಸಣ್ಣದಾಗ್ತದ."

ಕಡೆಗೊಂದು ಸಂಜೆ, ಮಳೆ ಬಂದು ಬಿಟ್ಟ ಬಿಸಿಲಿನಲ್ಲಿ, ಆ ಫೋಟೊ ಸಿಕ್ಕಿತು. ಕತ್ತಲೆಕೋಣೆಯ ತಟ್ಟೆಯಲ್ಲಿ ಅದು ಮೆಲ್ಲಗೆ ಮೂಡಿದಾಗ ನನ್ನ ಮೈಮೇಲೆ ಮುಳ್ಳೆದ್ದವು. ಒದ್ದೆ ಪ್ಲಾಟ್‌ಫಾರ್ಮು, ಹೊಗೆಯ ಹಿಂದೆ ಮಬ್ಬಾದ ಮರಗಳು, ಈಗಷ್ಟೇ ಬಂದು ನಿಂತ ಗಾಡಿ, ಹುಮನಾಬಾದ ಎಂಬ ಹಲಗೆ. ಒಬ್ಬ ನರಮನುಷ್ಯನೂ ಇಲ್ಲ. ಮದುಮಕ್ಕಳನ್ನು ಬದಿಗೆ ಸರಿಸಿ ಅದನ್ನು ಶೋಕೇಸಿನ ನಡುವೆ ಇಟ್ಟೆ.

ಅಲ್ಲಿ ಅದನ್ನು ನೋಡಿದವನು ಮತ ಕೇಳುವ ತಯಾರಿಯಲ್ಲಿದ್ದ ಒಬ್ಬ ಪುಢಾರಿ. ಎಪ್ಪತ್ತರ ದಶಕದ ಒಂದು ಚುನಾವಣೆಗೆ ಇನ್ನೂ ಸ್ವಲ್ಪ ಸಮಯವಿತ್ತು. ಗಂಜಿ ಹಾಕಿದ ಬಿಳಿ ಬಟ್ಟೆ, ಅತ್ತರಿನ ಪರಿಮಳ, ಒಪ್ಪವಾಗಿ ಕತ್ತರಿಸಿದ ಗುಲಾಬಿ ಬಣ್ಣದ ಉಗುರು. ನನ್ನಂಥವನ ಕಣ್ಣಿಗೆ ಬಹಳ ಹಿತವಾದ ಮನುಷ್ಯ. ಅವನು ಮಾಸ್ತರರ ಮನೆಗೇ ಹೋಗಿ ನೆಲದ ಮೇಲೆ ಕೂತು ಅವರ ಕೈಯಿಂದ ಚೂಡಾ ಇಸಿದುಕೊಂಡು ತಿಂದ. "ಒಂದು ಪ್ರಿಂಟ್ ಕೊಡ್ರಿ ಮಾಸ್ತರ. ಮನ್ಯಾಗ ಹಾಕೋತೀನಿ. ದಿನಾ ನೋಡಿದ್ರ ಮಾಡೋ ಕೆಲಸ ನೆನಪಾಗ್ತದ" ಎಂದ. ಮಾಸ್ತರರ ಕಣ್ಣು ತುಂಬಿ ಬಂದಿತ್ತಂತೆ. ನನ್ನಿಂದ ಪ್ರಿಂಟು ಮಾಡಿಸಿ, ತಾವೇ ಹೋಗಿ ಕೊಟ್ಟುಬಂದರು.

ಆಮೇಲಿನದನ್ನು ಬರೆಯುವಾಗ ಈಗಲೂ ಬಾಯಿ ಕಹಿಯಾಗುತ್ತದೆ.

ಒಂದು ಫೋಟೊ ಸಿಕ್ಕ ಮೇಲೆ ಮಾಸ್ತರರಿಗೆ ಗಾಡಿ ಹೊರಡುವುದರದೂ ಒಂದು ಬೇಕಾಗಿತ್ತು; ಒಂದು ಭಾನುವಾರ ನಾನು ಎಂದಿನಂತೆ ಹಿತ್ತಲಲ್ಲಿ ಬೋರಲು ಬಿದ್ದಿದ್ದೆ. ಬೇಲಿಯ ಬಾಗಿಲು ತಳ್ಳಿಕೊಂಡು ಒಬ್ಬ ಮುದುಕಿ ಒಳಗೆ ಬಂದಳು. ತಲೆಯ ಮೇಲೆ ಬಟ್ಟೆಗಂಟು, ಕೈಯಲ್ಲಿ ಬುತ್ತಿ. ದೂರದ ನಿರ್ಣಾ ಹಳ್ಳಿಯಿಂದ ಯಾರದೋ ಬಂಡಿಯಲ್ಲಿ ಬಂದಿದ್ದಳು. ಹೋಟೆಲಿನ ಮುಂದೆ ಸ್ಟೇಷನ್ ಎಲ್ಲಿ ಎಂದು ಕೇಳಿದ್ದಕ್ಕೆ, ಚಹಾ ಕುಡಿಯುತ್ತ ಕೂತವರು ಮುಸಿಮುಸಿ ನಕ್ಕು ಇಲ್ಲಿಗೆ ದಾರಿ ತೋರಿಸಿದ್ದರು.

"ಯಪ್ಪಾ, ಪಂಢರಪುರದ ಗಾಡಿ ಯಾವಾಗ ಬಿಡ್ತದ?" ಎಂದಳು.

ಮಾಸ್ತರರು ಎದ್ದುನಿಂತರು. "ಗಾಡಿ ಅದಂತ ಯಾರು ಹೇಳಿದ್ರು ಆಯಿ?"

ಅವಳು ಗಂಟಿನಿಂದ ಮಡಚಿದ ಚುನಾವಣೆಯ ಕಾಗದವೊಂದನ್ನು ತೆಗೆದಳು. ಅದರಲ್ಲಿ ನಮ್ಮ ಫೋಟೊ. ಮೇಲೆ ದಪ್ಪಕ್ಷರದಲ್ಲಿ 'ರೈಲು ಬಂತು'. ಕೆಳಗೆ ಕೈ ಮುಗಿದು ನಗುವ ಪುಢಾರಿಯ ಮುಖ. ಹುಮನಾಬಾದಿನಲ್ಲಿ ಅದನ್ನು ಒಬ್ಬರಿಗೂ ಹಂಚಿರಲಿಲ್ಲ. ಸ್ಟೇಷನ್ನಿಗೆ ಬಂದು ನೋಡುವ ಸಂಭವವಿಲ್ಲದ ದೂರದ ಹಳ್ಳಿಗಳಲ್ಲಿ ಮಾತ್ರ ಹಂಚಿದ್ದರು.

"ನನಗೇನು ಓದಾಕ ಬರ್ತದನಪ್ಪಾ. ಚಿತ್ರ ನೋಡ್ದೆ, ಊರ ಹೆಸರು ಹಂಚಾಂವ ಹೇಳ್ದ," ಎಂದಳು ಮುದುಕಿ. "ಬಸ್ಸಿನ್ಯಾಗ ಕುಂತ್ರ ಎಲ್ಲಾ ಕಾರಕೋತೀನಿ. ಸಾಯೂದ್ರಾಗ ಒಮ್ಮಿ ವಿಠ್ಠಲನ್ನ ನೋಡಬೇಕಂತ ರೈಲಿನ ದಾರಿನೇ ಕಾಯಾಕತ್ತಿದ್ದೆ."

ಗಾಡಿ ಕಾಣುವಂತೆ ಮಾಸ್ತರರು ಪಕ್ಕಕ್ಕೆ ಸರಿದರು. ಅವಳು ಕಾಗದ ನೋಡಿದಳು, ತನ್ನ ಕಾಲಬಳಿಯ ಗಾಡಿ ನೋಡಿದಳು, ಮತ್ತೆ ಕಾಗದ ನೋಡಿದಳು. ಅವಳು ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಬಗ್ಗಿ ಎಂಜಿನ್ನಿನ ಚಿಮಣಿ ಮುಟ್ಟಿ, "ಚಂದ ಮಾಡೀಯಪ್ಪಾ, ಖರೇ ಗಾಡಿಗತೇನೇ ಅದ" ಎಂದಳು. ಆಮೇಲೆ ಬಾವಿಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ನಮ್ಮಿಬ್ಬರ ಮುಂದೆ ಚಾಚಿದಳು.

"ದಾರಿಗಂತ ಮಾಡಿದ್ದೆ. ಇನ್ನ ಯಾ ದಾರಿ? ತಿನ್ರಿ."

ನಾನು ತಿಂದೆ. ಮಾಸ್ತರರು ತಿನ್ನಲಿಲ್ಲ. ಬಾವಿಯಿಂದ ನೀರು ಸೇದಿ, ಮಣ್ಣು ಹಚ್ಚಿ ಕೈ ತಿಕ್ಕತೊಡಗಿದರು. ಅವರು ಹಾಗೆ ಕೈ ತೊಳೆದದ್ದನ್ನು ನಾನು ಅದೇ ಮೊದಲು ನೋಡಿದ್ದು. ತಿಕ್ಕಿ ತಿಕ್ಕಿ ಚರ್ಮ ಕೆಂಪಾಯಿತೇ ಹೊರತು ಉಗುರಿನ ಕಪ್ಪು ಹೋಗಲಿಲ್ಲ. ಮುದುಕಿಯನ್ನು ತಾವೇ ಬಂಡಿಗೆ ಹತ್ತಿಸಿ ಬಂದು ನನಗೆ ಹೇಳಿದರು:

"ನನ್ನ ಮ್ಯಾಲೇ ನನಗ ಹೇಸಿಕಿ ಬಂದದ ತಮ್ಮಾ. ಏಳು, ಕ್ಯಾಮೆರಾ ಎತ್ತಕೊ. ನಿಂತು ತಗಿ."

ಎಂಜಿನ್ನಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಅದರ ಮಾಡಿನ ಮೇಲೆ ಬಲಗೈ ಇಟ್ಟರು. ಇಡೀ ಮಾಡು ಆ ಅಂಗೈಯ ಕೆಳಗೆ ಅಡಗಿಹೋಯಿತು.

"ಮಾಸ್ತರ, ಗಾಡಿ ಸಣ್ಣದಾಗ್ತದಲ್ರೀ," ಎಂದೆ.

"ಆಗಲಿ. ಎಷ್ಟದನೋ ಅಷ್ಟು ಕಾಣಲಿ."

ಎರಡೂ ಫೋಟೊಗಳನ್ನು ಜೋಡಿಸಿ ನನ್ನ ಶೋಕೇಸಿನಲ್ಲಿ ಇಟ್ಟೆ. ಮಾಸ್ತರರು ಅಂಥದೇ ಒಂದು ಜೋಡಿಯನ್ನು ಹಿಡಿದುಕೊಂಡು ಮನ್ನಾಏಖೇಳ್ಳಿಯ ಬಸ್ ನಿಲ್ದಾಣದಲ್ಲಿ, ನಿರ್ಣಾದ ಕಟ್ಟೆಯ ಮೇಲೆ, ಬಂದವರಿಗೆಲ್ಲ ತೋರಿಸುತ್ತ ಕೂತರು. ಜನ ಪುಢಾರಿಯ ಮುಖಕ್ಕೆ ಉಗುಳುತ್ತಾರೆ ಅಂದುಕೊಂಡಿದ್ದೆ. ಉಗುಳಿದ್ದು ಮಾಸ್ತರರ ಮೇಲೆ. "ಇಷ್ಟು ದಿನಕ್ಕ ಒಬ್ಬ ರೈಲಿನ ಹೆಸರು ಎತ್ತಿದ್ದ, ಅದಕ್ಕೂ ಕಲ್ಲು ಹಾಕಿದ್ರಿ" ಎಂದರು. ನನ್ನ ಶೋಕೇಸಿನ ಗಾಜು ಒಡೆದರು. ಪುಢಾರಿ ಗೆದ್ದ. ಐದು ವರ್ಷ ಅವನು ರೈಲಿನ ಮಾತೆತ್ತಲಿಲ್ಲ. ಅದಕ್ಕೂ ಜನ ಕಂಡುಕೊಂಡ ಕಾರಣ ಒಂದೇ: "ಮಾಸ್ತರ ಆ ಫೋಟೊ ತೋರಿಸ್ದೇ ಇದ್ರ ಈ ಹೊತ್ತಿಗಿ ರೈಲು ಬಂದೇ ಬಿಡ್ತಿತ್ತು." ಇದನ್ನು ನನ್ನ ಮುಂದೆಯೇ ಹೇಳಿದವರಿದ್ದಾರೆ, ಓದಿದವರು, ಬಿಳಿಬಟ್ಟೆಯವರು. ಕೋಳಿಹಿಕ್ಕೆಗೂ ಬಚ್ಚಲ ನೀರಿಗೂ ನಾನು ಅಷ್ಟು ಹೇಸಿರಲಿಲ್ಲ.

ಮಾಸ್ತರರು ಮತ್ತೆ ಕೀಲಿ ಕೊಡಲಿಲ್ಲ. ಹಳಿಯ ಮೇಲೆ ಹುಲ್ಲು ಬೆಳೆಯಿತು, ಡಬ್ಬಿಗಳಲ್ಲಿ ಕೋಳಿಗಳು ಮೊಟ್ಟೆಯಿಟ್ಟವು. ನಾನು ಹೋದಾಗ ಬಾವಿಕಟ್ಟೆಯ ಮೇಲೆ ಕೂತು, "ಆ ಆಯಿ ಹೋಗಿ ಬಂದಳೋ ಇಲ್ಲೊ ತಮ್ಮಾ?" ಎಂದು ಕೇಳುತ್ತಿದ್ದರು. ನನಗೂ ಗೊತ್ತಿರಲಿಲ್ಲ. ಆದರೆ ಅವರಿಂದ ಕಲಿತದ್ದು ಕೈಬಿಡಲಿಲ್ಲ. ಕೂಸಿನ ಫೋಟೊಕ್ಕೆ ನೆಲಕ್ಕೆ ಕೂತು ಕೂಸಿನ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಟ್ಟೆ, ಮುದುಕರಿಗೆ ಬೆನ್ನು ಬಗ್ಗಿಸಿದೆ. ನನ್ನ ಸ್ಟುಡಿಯೊಕ್ಕೆ ಇದ್ದ ಹೆಸರು ಅಷ್ಟರದ್ದೇ.

ಎಂಬತ್ತರ ದಶಕ ಕಾಲಿಟ್ಟ ಮೇಲೆ ಅವರು ತೀರಿಕೊಂಡರು. ದಿನಕರ್ಮಕ್ಕೆ ಹಾರ ಹಾಕಲು ಮನೆಯಲ್ಲಿ ಅವರದೊಂದು ಫೋಟೊ ಇರಲಿಲ್ಲ. ಜಗತ್ತಿನಲ್ಲಿದ್ದದ್ದು ಒಂದೇ, ನಾನು ನಿಂತು ತೆಗೆದದ್ದು. ಪ್ರಿಂಟು ಒಯ್ದು ಮಕ್ಕಳಿಗೆ ಕೊಟ್ಟೆ. ಹನ್ನೆರಡನೆಯ ದಿನ ಹೋಗಿ ನೋಡಿದರೆ, ಚೌಕಟ್ಟಿನಲ್ಲಿ ಬರೀ ಎದೆಯಿಂದ ಮೇಲಿನ ಮಾಸ್ತರರು. ಬಲತೋಳು ಮೊಣಕೈಯ ಹತ್ತಿರ ಮುಗಿದುಹೋಗಿತ್ತು.

"ಆ ಆಟಿಗಿ ಸಾಮಾನು ಯಾಕಂತ ಕತ್ತರಿಸಿದ್ವಿರೀ," ಎಂದ ಹಿರಿಮಗ. "ಕೈನೂ ಭಾಳ ಹೊಲಸ ಇತ್ತು. ಬಂದ ಮಂದಿಗಿ ಚಂದ ಕಾಣಂಗಿಲ್ಲ."

ಅಲ್ಲಿ ಊಟ ಮಾಡದೆ ಎದ್ದುಬಂದೆ. ನೆಗೆಟಿವ್ ನನ್ನಲ್ಲಿತ್ತು. ಪೂರ್ತಿ ಫೋಟೊವನ್ನು ಮತ್ತೆ ದೊಡ್ಡದಾಗಿ ತೊಳೆದು, ಕೈ, ಎಂಜಿನ್ನು, ಸೀಳಿದ ಹೆಬ್ಬೆರಳು, ಹತ್ತಿರ ಹೋದರೆ ಒಂದೊಂದು ಕರಿ ಉಗುರೂ ಕಾಣುವಂತೆ ಮಾಡಿ ನಮ್ಮ ಮನೆಯ ಗೋಡೆಗೆ ಹಾಕಿದ್ದೇನೆ. ಅದರ ಎದುರಿಗೇ ಕೂತು ದಿನಾ ಊಟ ಮಾಡುತ್ತೇನೆ.