ಮಗ್ಗಿಯ ಪ್ರೋಗ್ರಾಂ ಮತ್ತು ಗುಜರಿಯವನು

ಸ್ನೇಹಿತರೇ, ಇವತ್ತು ಹುಣಸೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿ ಬೆವರಿಳಿಯಿತು. ಗಣಿತದ ಮೇಷ್ಟ್ರಾಗಿದ್ದಾಗ ಅವರು ಟಿವಿಗೆ ಜೋಡಿಸುವ ಹಳೇ ಕಂಪ್ಯೂಟರಿಗೆ ಮಗ್ಗಿಯ ಪ್ರೋಗ್ರಾಂ ಬರೆದಿದ್ದರು. ಗುಜರಿಯವನನ್ನು ಗೇಟಿಗೇ ಕರೆಸಿದ್ದ ಚಿಕ್ಕಮ್ಮ, "ಈಗ ಓಡ್ನಿಲ್ಲ ಅಂದ್ರೆ ಕಂಪ್ಯೂಟರ್ ಅವನ್ಗೇಯ," ಎಂದರು.

ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ, ಹಳೇ ಯಂತ್ರಕ್ಕೂ ಹೊಂದುವ ಹೊಸ ಕಂಪೈಲರ್ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಅದಕ್ಕೆ ಚಿಕ್ಕಪ್ಪನ ಪ್ರೋಗ್ರಾಂ ಟೈಪ್ ಮಾಡಿ ಕೊಟ್ಟರೆ ಪರದೆ ತುಂಬಾ ತಪ್ಪುಗಳು.

"ಪ್ರೋಗ್ರಾಂ ಬರೆಯೋ ರೀತಿ ಈಗ ಬದಲಾಗ್ಬುಟ್ಟದೆ ಚಿಕ್ಕಪ್ಪ, ತಿದ್ಲಾ?"

"ನನ್ ಲೆಕ್ಕ ಸರಿಯಾಗೇ ಅದೆ ಕಣ್ಲಾ, ಮುಟ್ಬೇಡ," ಎಂದು ಅವರು ನನ್ನ ಕೈ ಹಿಡಿದರು.

ಹೊರಗೆ ಗುಜರಿಯವನು ತಕ್ಕಡಿ ಇಳಿಸಿದ. ಅದನ್ನು ನೋಡಿ ಚಿಕ್ಕಪ್ಪ ಕೈ ಬಿಟ್ಟರು.

"ಲೆಕ್ಕ ಬುಟ್ಟು ಮಿಕ್ಕಿದ್ದು ತಿದ್ಕೊ."

ತಿದ್ದಿ, ಹಳೇ ಕಂಪ್ಯೂಟರ್ ಓದುವ ಕ್ಯಾಸೆಟ್ಟಿಗೆ ತುಂಬಿಸಿ ಅದಕ್ಕೆ ಹಾಕಿದೆ. ಟಿವಿ ಕಪ್ಪಗೇ ಇತ್ತು. ಕೊನೆಗೆ ಎರಡರ ಮಗ್ಗಿ ಮೂಡಿತು.

ಚಿಕ್ಕಪ್ಪ ಟಿವಿ ಮುಂದೆ ಕೂತವರು ಇನ್ನೂ ಎದ್ದಿಲ್ಲ. ಸೀರಿಯಲ್ ನೋಡಲು ಚಿಕ್ಕಮ್ಮ ನಮ್ಮ ಮನೆಗೆ ಬಂದಿದ್ದಾರೆ.