ನಮ್ಮಪ್ಪ ನಮ್ಮಪ್ಪನೇ ಎಂಬುದಕ್ಕೆ ಪುರಾವೆ

ಕಪಿಲೆಯ ದಡದಿಂದ ಕಾವೇರಿಯ ದಡದವರೆಗೆ ಹರಡಿರುವ, ಪಾಸಾದ ಹಾಗೂ ಪಾಸಾಗದ ಸಕಲ ಗೆಳೆಯ ಗೆಳತಿಯರ ಸನ್ನಿಧಾನಕ್ಕೆ ದೀರ್ಘದಂಡ ನಮಸ್ಕಾರಗಳು.

ಇಂದು ಬೆಳಿಗ್ಗೆ ಅಪ್ಪ ಹೆಮ್ಮಿಗೆಯಿಂದ ಬಸ್ಸು ಹತ್ತಿ, ಹೇಳದೆ ಕೇಳದೆ ನಂಜನಗೂಡಿನ ನಮ್ಮ ಕಾಲೇಜಿಗೆ ಬಂದುಬಿಟ್ಟರು. ನಾನು ಎರಡು ಸಬ್ಜೆಕ್ಟಿನಲ್ಲಿ ಫೇಲಾಗಿರುವುದು ಅವರಿಗೆ ಗೊತ್ತಿಲ್ಲ. ಆಫೀಸಿನ ಬಾಗಿಲ ಹಿಂದೆ ಅಡಗಿ ನಿಂತೆ.

"ನನ್ ಮಗನ ಮಾರ್ಕ್ಸ್ ತೋರ್ಸಿ ಸಾ" ಅಂದರು ಅಪ್ಪ.

"ಕೇಳ್ದೋರಿಗೆಲ್ಲ ತೋರ್ಸೋ ಹಾಗಿಲ್ಲ ಯಜಮಾನ್ರೇ. ಇಲ್ಲಿ ಸಹಿ ಹಾಕಿ" ಎಂದ ಗುಮಾಸ್ತರು, ಅಪ್ಪ ಹಾಕಿದ ಸಹಿಯನ್ನು ನನ್ನ ಅಡ್ಮಿಷನ್ ಅರ್ಜಿಯ ಪಕ್ಕದಲ್ಲಿಟ್ಟು ನೋಡಿದರು. "ತಾಳೆ ಆಗ್ತಿಲ್ವಲ್ಲ! ಅರ್ಜೀಲಿರೋ ತಂದೆ ಸಹಿ ಕೆಳಗೆ ಒಂದು ಗೀಟು, ಎರಡು ಚುಕ್ಕಿ ಇದೆ."

"ನಾನ್ಯಾವತ್ತೂ ಚುಕ್ಕಿ ಇಟ್ಟೋನಲ್ಲ ಕಣ್ ಸಾ. ಅವ್ನ ಅಪ್ಪ ನಾನೇಯಾ!"

"ಇರಬೋದು. ನಾಳೆ ಮಗನ್ನ ಕರ್ಕೊಂಡ್ ಬನ್ನಿ. ಇವರೇ ನಮ್ಮಪ್ಪ ಅಂತ ಬರ್ಕೊಡ್ಲಿ, ಆಮೇಲೆ ತೋರಿಸ್ತೀನಿ."

ವಿದ್ಯಾರ್ಥಿಯ ಗುಟ್ಟನ್ನು ಇಷ್ಟು ನಿಷ್ಠೆಯಿಂದ ಕಾಪಾಡಿದ ಆ ಮಹನೀಯರಿಗೆ ಹಾರ ಹಾಕಬೇಕು. ಆದರೆ ಅಪ್ಪ ಈಗಷ್ಟೇ ಫೋನ್ ಮಾಡಿ, "ಲೇ, ನಾಳೆ ಒಂಬತ್ಗಂಟೆಗೆ ಗೇಟತ್ರ ನಿಂತಿರು. ಆ ಚುಕ್ಕಿ ಇಟ್ಟೋನು ಯಾರು ಅಂತ್ಲೂ ನೋಡ್ಬುಡಾವ" ಅಂದರು.

ಅರ್ಜಿ ಕೊಡುವ ಕೊನೆಯ ದಿನ ಅಪ್ಪ ನಾಟಿ ಕೆಲಸದಲ್ಲಿದ್ದರು. ಸಹಿ ನಾನೇ ಹಾಕಿದ್ದೆ. ಚುಕ್ಕಿ ಇಟ್ಟಿದ್ದು ಸುಮ್ಮನೆ, ಅಂದಕ್ಕೆ.